ಮೇಷ್ಟ್ರಿಗೆ ಮಡಿಲಕ್ಕಿ

ಆ ಏಪ್ರಿಲ್‌ನಲ್ಲಿ ನನ್ನ ತರಗತಿಯ ಸಾಮಾನನ್ನು ಯಾರಿಗಾಗಿ ಕಟ್ಟಿಡುತ್ತಿದ್ದೇನೆ ಎಂಬುದೇ ನನಗೆ ಗೊತ್ತಿರಲಿಲ್ಲ. ಪ್ರತಿವರ್ಷ ಮಾಡುವ ಕೆಲಸವೇ. ಬೇಸಿಗೆ ರಜೆಗೆ ಮುಂಚೆ ಗೋಡೆಯ ಮೇಲಿರುವುದನ್ನೆಲ್ಲ ಇಳಿಸಬೇಕು, ಮಕ್ಕಳ ಕೈಗೆ ಸೇರಬೇಕಾದದ್ದನ್ನು ಮಕ್ಕಳಿಗೆ ಕೊಡಬೇಕು, ಉಳಿದದ್ದನ್ನು ಇಲಿ ಹೆಗ್ಗಣಗಳಿಗೆ ಸಿಗದ ಹಾಗೆ ಟ್ರಂಕಿಗೆ ತುಂಬಬೇಕು. ಬೇರೆ ವರ್ಷಗಳಲ್ಲಿ ಈ ಕೆಲಸವನ್ನು ಸಿಳ್ಳೆ ಹಾಕುತ್ತಾ ಮಾಡುತ್ತಿದ್ದವನು ಆ ವರ್ಷ ಒಂದು ಕಾರ್ಡು ಕೈಗೆತ್ತಿಕೊಂಡರೆ ಅದನ್ನೇ ನೋಡುತ್ತಾ ಕೂತುಬಿಡುತ್ತಿದ್ದೆ.

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ, ಕಿಕ್ಕೇರಿ ಕಡೆಯ ಒಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಇಬ್ಬರು ಶಿಕ್ಷಕರು. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಒಟ್ಟಿಗೆ ನನ್ನ ಕೋಣೆಯಲ್ಲಿ. ನಲಿ-ಕಲಿ ಎಂದು ಅದಕ್ಕೆ ಹೆಸರು. ನೆಲದ ಮೇಲೆ ಗುಂಪು ಗುಂಪಾಗಿ ಕೂತು ಚಿತ್ರವಿರುವ ಕಾರ್ಡುಗಳನ್ನು ಹಿಡಿದು ಆಡುತ್ತಾ ಕಲಿಯುವ ಕ್ರಮ. ಮೊಲದ ಕಾರ್ಡಾದರೆ ಓದುವುದು, ಗಿಳಿಯದಾದರೆ ಬರೆಯುವುದು, ಹೀಗೆ. ತಲೆಯ ಮೇಲೆ ಗೋಡೆಯಿಂದ ಗೋಡೆಗೆ ದಾರ ಎಳೆದು ಅದಕ್ಕೆ ಮಕ್ಕಳು ಬರೆದದ್ದು, ಬಿಡಿಸಿದ್ದು, ಕತ್ತರಿಸಿದ್ದೆಲ್ಲವನ್ನೂ ತೂಗುಹಾಕಿರುತ್ತೇವೆ. ಆ ದಾರದ ಜಾಲವನ್ನು ಚಪ್ಪರ ಎನ್ನುತ್ತೇವೆ. ನಾಲ್ಕು ಮತ್ತು ಐದನೆಯವರು ಪಕ್ಕದ ಕೋಣೆಯಲ್ಲಿ, ಮುಖ್ಯ ಶಿಕ್ಷಕಿಯ ಹತ್ತಿರ. ನನ್ನ ಕೋಣೆಯಲ್ಲಿ ಮೂರನೆಯದು ಮುಗಿಸಿದ ಮಕ್ಕಳು ಜೂನಿನಲ್ಲಿ ಒಂದು ಬಾಗಿಲು ದಾಟಿ ಆ ಕೋಣೆಗೆ ಹೋಗುತ್ತಾರೆ, ಅಷ್ಟೆ.

ತೊಂದರೆ ಶುರುವಾದದ್ದು ಹಳದಿ ವ್ಯಾನಿನಿಂದ. ಇಂಗ್ಲಿಷ್ ಮೀಡಿಯಂ ಶಾಲೆಯದೊಂದು ವ್ಯಾನು ಊರ ಅರಳಿಕಟ್ಟೆಯವರೆಗೂ ಬರಲು ಶುರುಮಾಡಿದ ಮೇಲೆ ನಮ್ಮಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಡಿಮೆಯಾದರು. ಮಕ್ಕಳು ಕಡಿಮೆಯಾದ ಕಡೆ ಶಿಕ್ಷಕರು ಜಾಸ್ತಿಯಾಗುತ್ತಾರೆ. ನಾವಿಬ್ಬರೂ ಇದ್ದಲ್ಲೇ ಇದ್ದರೂ ನಮ್ಮಲ್ಲಿ ಒಬ್ಬರು ಹೆಚ್ಚುವರಿ ಎಂದಾಯಿತು. ಹೆಚ್ಚುವರಿಯಾದವರನ್ನು ಬೇರೆ ಶಾಲೆಗೆ ಕಳಿಸುತ್ತಾರೆ. ಆ ಒಬ್ಬರು ಯಾರು ಎನ್ನುವುದು ಮಾತ್ರ ಹೊರಬಿದ್ದಿರಲಿಲ್ಲ.

ಆದರೆ ಊರಿಗೆ ಅದರಲ್ಲಿ ಯಾವ ಸಂಶಯವೂ ಇರಲಿಲ್ಲ. ಹೋಗುವವನು ನಾನೇ. ಮುಖ್ಯ ಶಿಕ್ಷಕಿ ಹೆಚ್ಚುಕಮ್ಮಿ ಈ ಊರಿನವರೇ ಆಗಿಬಿಟ್ಟಿದ್ದರು. ಮನೆ ಕೆ.ಆರ್. ಪೇಟೆಯಲ್ಲಿ, ಅಣ್ಣನ ಸಂಸಾರದ ಜೊತೆ. ಮದುವೆಯಾಗಿರಲಿಲ್ಲ. ಈಗ ಒಂದನೆಯಲ್ಲಿ ಅಳುತ್ತಾ ಕೂತಿರುವ ಮಕ್ಕಳ ತಾಯಂದಿರಿಗೂ ಅಕ್ಷರ ತಿದ್ದಿಸಿದವರು ಅವರೇ. ಯಾರ ಮನೆಯ ಹಸು ಕರು ಹಾಕಿದೆ, ಯಾರ ಮನೆಯಲ್ಲಿ ಬಾಣಂತಿ ಇದ್ದಾಳೆ ಎಲ್ಲವೂ ಅವರಿಗೆ ಗೊತ್ತು. ನಾನು ಪಾಂಡವಪುರದವನು. ಬೆಳಗ್ಗೆ ಚಿನಕುರಳಿ ಮೇಲೆ ಬಸ್ಸು ಹಿಡಿದು, ಪೇಟೆಯಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತಿ, ಊಟದ ಚೀಲ ಹಿಡಿದುಕೊಂಡು ಶಾಲೆಯ ಗೇಟಿನಲ್ಲಿ ಇಳಿಯುವ ಮನುಷ್ಯ. ಸಂಜೆ ಅದೇ ಚೀಲ ಹಿಡಿದುಕೊಂಡು ಹೋಗುವ ಮನುಷ್ಯ. ಬಸ್ಸಿನಿಂದ ಇಳಿದವನು ಬಸ್ಸು ಹತ್ತಿ ಹೋಗುವುದೇ ನ್ಯಾಯ ಎಂದು ಊರು ತೀರ್ಮಾನಿಸಿಬಿಟ್ಟಿತ್ತು. ನನಗೂ ಅದು ಸರಿಯೆಂದೇ ಕಾಣುತ್ತಿತ್ತು.

ಆದರೂ ಫೋನಿನಲ್ಲಿ ಶಿಕ್ಷಕರ ಗುಂಪು ದಿನಕ್ಕೊಂದು ಹೇಳುತ್ತಿತ್ತು. ಈ ಸಲ ಕೊನೆಗೆ ಬಂದವರನ್ನು ತೆಗೆಯುತ್ತಾರೆ ಎಂದು ಒಬ್ಬ. ಇಲ್ಲ, ಒಂದೇ ಕಡೆ ಬಹಳ ದಿನ ಇದ್ದವರನ್ನು ತೆಗೆಯುತ್ತಾರೆ ಎಂದು ಇನ್ನೊಬ್ಬ. ಯಾರನ್ನೂ ತೆಗೆಯುವುದಿಲ್ಲ, ನನಗೆ ಒಳಗಿನವರೇ ಹೇಳಿದ್ದಾರೆ ಎಂದು ಮೂರನೆಯವನು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಓದಿ ಓದಿ ನನ್ನ ತಲೆ ಕೆಟ್ಟು ಕೆರ ಹಿಡಿದುಹೋಗಿತ್ತು.

ನನಗೆ ಏನು ಬೇಕಾಗಿತ್ತು ಎಂದು ಯಾರಾದರೂ ಕೊರಳಪಟ್ಟಿ ಹಿಡಿದು ಕೇಳಿದ್ದರೆ ಹೇಳುವುದಕ್ಕೆ ಆಗುತ್ತಿರಲಿಲ್ಲ. ಹೆಚ್ಚುವರಿಯಾದರೆ ಪಾಂಡವಪುರದ ಹತ್ತಿರವೇ ಖಾಲಿ ಇರುವ ಶಾಲೆ ಆರಿಸಿಕೊಳ್ಳಬಹುದಿತ್ತು. ನನ್ನ ಹೆಂಡತಿ ಆಗಲೇ ನನ್ನನ್ನು ಮಧ್ಯಾಹ್ನದ ಬಿಸಿ ಊಟಕ್ಕೆ ಮನೆಗೆ ಕರೆಸಿಕೊಂಡಾಗಿತ್ತು, ಮನಸ್ಸಿನಲ್ಲಿ. "ಒಳ್ಳೇದೇ ಆಯ್ತು ಬುಡಿ. ಆ ಬಸ್ಸಲ್ಲಿ ನಿಂತ್ಕೊಂಡು ನಿಂತ್ಕೊಂಡು ಸೊಂಟ ಹಿಡ್ಕೊಂಡಿರೋದು ಸಾಕು," ಎಂದಳು. ಅವಳು ಹೇಳುವುದೆಲ್ಲ ನಿಜ. ನಾನೇ ಎಷ್ಟು ವರ್ಷದಿಂದ ಆ ಬಸ್ಸನ್ನು ಬೈದುಕೊಂಡು ಬಂದಿದ್ದೇನೆ. ಈಗ ಬಿಡುಗಡೆ ಕಾಣುವ ಹೊತ್ತಿಗೆ ಗಂಟಲಲ್ಲಿ ಬಿಸಿ ತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತಿದ್ದ ಒಬ್ಬ ಯಜಮಾನರು ಒಂದು ಸಂಜೆ ನನ್ನನ್ನು ತಡೆದು ನಿಲ್ಲಿಸಿದರು. ಅವರ ಮೊಮ್ಮಗಳು ನನ್ನ ಮೂರನೇ ತರಗತಿಯಲ್ಲಿದ್ದಳು.

"ಓಗ್ತೀರಂತಲ್ಲ ಮೇಷ್ಟ್ರೇ?"

"ಗೊತ್ತಿಲ್ಲ ಗೌಡ್ರೇ. ಇನ್ನೂ ಆರ್ಡರ್ ಬಂದಿಲ್ಲ."

"ಬತ್ತದೆ ಬುಡಿ. ಯಾರ್ ಬಂದ್ರೂ ಮಕ್ಳು ಕಲ್ತ್ಕತವೆ." ಕ್ಯಾನಿನ ಮುಚ್ಚಳ ಒತ್ತಿ ಮುಚ್ಚುತ್ತಾ, "ಆದ್ರೆ ನೀವು ಓದ್ರೆ ನಮ್ ಮಗೀನ ವ್ಯಾನ್ಗೆ ಆಕ್ಬುಡ್ತೀನಿ ಅಷ್ಟೇಯ," ಎಂದರು.

ಇದು ನನ್ನನ್ನು ಹೊಗಳಿದ್ದೋ, ಹೆದರಿಸಿದ್ದೋ, ಹಾಗೆ ಸುಮ್ಮನೆ ಆಡಿದ ಮಾತೋ? ಬಸ್ಸಿನಲ್ಲಿ ಪೇಟೆಯವರೆಗೂ ಅದನ್ನೇ ಹೊರಳಿಸಿ ಹೊರಳಿಸಿ ನೋಡಿದೆ. ತೀರ್ಮಾನವಾಗಲಿಲ್ಲ.

ಆ ಮೊಮ್ಮಗಳು ನನ್ನ ತರಗತಿಯ ಬಾಯಿಬಡಕಿ. ಯಾರು ಯಾವ ಗುಂಪಿನಲ್ಲಿ ಕೂರಬೇಕು, ಯಾರಿಗೆ ಮೂಗು ಒರೆಸಬೇಕು, ಮೇಷ್ಟ್ರು ಯಾವಾಗ ಗಂಟೆ ಹೊಡೆಸಬೇಕು, ಎಲ್ಲ ಅವಳ ಉಸ್ತುವಾರಿ. ಚಪ್ಪರ ಇಳಿಸುವ ದಿನ ಅವಳು ಕೆಳಗೆ ನಿಂತು ಕಾಗದಗಳನ್ನು ಕೈಗೆ ತೆಗೆದುಕೊಳ್ಳುತ್ತಿದ್ದಳು. ನಾನು ಕುರ್ಚಿಯ ಮೇಲೆ ನಿಂತು ಕ್ಲಿಪ್ಪು ಬಿಚ್ಚುತ್ತಿದ್ದೆ.

"ಸಾ, ನೀವು ಪಾಸಾ ಫೇಲಾ?" ಎಂದಳು.

"ನಾನ್ಯಾಕಮ್ಮ ಪಾಸು ಫೇಲು? ನಿಮಗೆ ತಾನೆ ರಿಸಲ್ಟು?"

"ಐದ್ನೇ ಕ್ಲಾಸ್ನೋರು ಪಾಸಾದ್ರೆ ಬ್ಯಾರೆ ಸ್ಕೂಲ್ಗೆ ಓಯ್ತಾರೆ. ನೀವೂ ಬ್ಯಾರೆ ಸ್ಕೂಲ್ಗೆ ಓಯ್ತೀರಂತೆ. ಅಂಗಾರೆ ನೀವು ಪಾಸು." ಒಂದು ಕ್ಷಣ ಯೋಚಿಸಿದಳು. "ಫೇಲಾಗ್ಬುಡಿ ಸಾ. ಇಲ್ಲೇ ಇರ್ಬೋದು."

ಕುರ್ಚಿಯ ಮೇಲಿಂದಲೇ ನಕ್ಕೆ. ಅವಳು ನಗಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದನೆಯ ತರಗತಿಯ ಪಿಳ್ಳೆಗಳೂ ಸೇರಿ ಇಡೀ ಕೋಣೆ ಮೇಷ್ಟ್ರು ಫೇಲಾಗಲಿ ಎಂದು ಕೈಮುಗಿಯುತ್ತಿತ್ತು. ಊಟ ಬಡಿಸುತ್ತಿದ್ದ ಅಡುಗೆಯವರು, "ಇದೇನ್ ಸಾ, ಮಕ್ಳು ನಿಮ್ಗೆ ಶಾಪ ಆಕ್ತಾವ್ರೆ," ಎಂದು ಗಾಬರಿಯಾದರು. ಅವರಿಗೆ ಬಿಡಿಸಿ ಹೇಳುವಷ್ಟರಲ್ಲಿ ನನಗೇ ಅರ್ಥ ಜಾರಿಹೋಯಿತು. ಏಕೆಂದರೆ ಪಾಸಾಗಬೇಕೋ ಫೇಲಾಗಬೇಕೋ ಎಂಬುದು ನಿಜವಾಗಿಯೂ ನನ್ನ ಸಮಸ್ಯೆಯೇ ಆಗಿತ್ತು. ಮಗು ನನಗಿಂತ ಚೆನ್ನಾಗಿ ಪ್ರಶ್ನೆ ಕೇಳಿತ್ತು.

ಮುಖ್ಯ ಶಿಕ್ಷಕಿ ಮಾತ್ರ ಈ ವಿಷಯದಲ್ಲಿ ನನ್ನ ಹಾಗೆ ಒದ್ದಾಡುತ್ತಿರಲಿಲ್ಲ. ಅವರದು ಕಡ್ಡಿ ಮುರಿದ ಹಾಗೆ ಮಾತು. ಫಲಿತಾಂಶಕ್ಕೆ ಮುಂಚಿನ ಒಂದು ಮಧ್ಯಾಹ್ನ ಮಕ್ಕಳನ್ನೆಲ್ಲ ಬೇವಿನ ಮರದ ಕೆಳಗೆ ಆಡಲು ಬಿಟ್ಟು ನನ್ನ ಕೋಣೆಗೆ ಬಂದು ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತರು.

"ಮೇಷ್ಟ್ರೇ, ಈ ನಿಮ್ಮ ಕಾರ್ಡಿನ ಸಂಸಾರ ಒಂದ್ಸಲ ತೋರಿಸ್ಕೊಟ್ಬುಡಿ. ನೀವು ಓದ್ಮೇಲೆ ನಾನೇ ತಾನೆ ಇದ್ರಲ್ಲಿ ಒದ್ದಾಡೋದು? ಯಾವನೋ ಅತಿಥಿ ಶಿಕ್ಷಕನ್ನ ಕೊಡ್ತಾರೆ. ಅವ್ನಿಗೆ ನಾನೇ ಯೋಳ್ಕೊಡ್ಬೇಕು."

ಕಾರ್ಡುಗಳನ್ನು ಜೋಡಿಸುವುದಕ್ಕೆ ಇಲಾಖೆಯ ಕ್ರಮವೊಂದಿದೆ. ನನ್ನದು ಬೇರೆಯೇ. ಯಾವ ಮಗು ಎಲ್ಲಿ ಎಡವುತ್ತದೆ ಎಂದು ನೋಡಿ ನೋಡಿ, ಹಳೆಯ ಚಪ್ಪಲಿ ಡಬ್ಬಿಗಳಲ್ಲಿ ಬೇರೆ ಬೇರೆ ಮಾಡಿಟ್ಟಿದ್ದೆ. ಒತ್ತಕ್ಷರದಲ್ಲಿ ಮುಗ್ಗರಿಸುವವರಿಗೆ ಒಂದು ಡಬ್ಬಿ, ಕಳೆಯುವ ಲೆಕ್ಕವೆಂದರೆ ಅಳುವವರಿಗೆ ಒಂದು. ಡಬ್ಬಿಯ ಮೇಲೆ ಏನೂ ಬರೆದಿರಲಿಲ್ಲ, ಎಲ್ಲ ನನ್ನ ತಲೆಯಲ್ಲೇ. ಮೇಡಂ ಒಂದೊಂದನ್ನೂ ಬಿಚ್ಚಿಸಿ, ತಾವೇ ಮಗುವಾಗಿ ಆಡಿ ನೋಡಿ, ತಪ್ಪಿದರೆ ನಕ್ಕು, ಮತ್ತೆ ಕಟ್ಟಿಟ್ಟರು. ಬಿಸಿಲು ಕಿಟಕಿಯಿಂದ ಕಪ್ಪು ಹಲಗೆಯವರೆಗೆ ಬರುವ ತನಕ ಕಲಿತರು. ಕೊನೆಗೆ ಮೊಣಕಾಲು ಹಿಡಿದುಕೊಂಡು ಎದ್ದರು.

"ಈಗ ನೀವು ಎಲ್ಲಿಗಾದ್ರೂ ಓಗಿ. ನಂಗೇನೂ ಭಯ ಇಲ್ಲ," ಎಂದರು.

ಸ್ವಲ್ಪ ಬೇಜಾರಾಯಿತು, ನಿಜ ಹೇಳಬೇಕೆಂದರೆ. ಇನ್ನೊಂದಿಷ್ಟು ಭಯಪಟ್ಟಿದ್ದರೆ ಚೆನ್ನಾಗಿರುತ್ತಿತ್ತು ಎನಿಸಿತು. ಹೋಗಬೇಡಿ ಎಂದು ಅವರು ಒಂದು ಮಾತು ಅಂದಿದ್ದರೆ ನಾನು ಏನು ಮಾಡಿಬಿಡುತ್ತಿದ್ದೆನೋ, ಅದೂ ಗೊತ್ತಿಲ್ಲ.

ಫಲಿತಾಂಶದ ದಿನ ತಂದೆತಾಯಿಗಳೂ ಶಾಲೆಗೆ ಬರುವ ವಾಡಿಕೆ. ತಂದೆಯರು ಬರುವುದು ಅಷ್ಟಕ್ಕಷ್ಟೆ. ತಾಯಂದಿರು, ಅಜ್ಜಿಯರು ಬಂದು ಕೋಣೆಯಲ್ಲಿ ಮಕ್ಕಳ ಹಿಂದೆ ಕೂತಿದ್ದರು. ಅಡುಗೆಯವರು ಶಾವಿಗೆ ಪಾಯಸ ಮಾಡಿದ್ದರು. ಮೇಡಂ ಒಬ್ಬೊಬ್ಬರ ಹೆಸರನ್ನೂ ಕೂಗಿ ಪಾಸು ಎಂದರು. ಪ್ರತಿ ಪಾಸಿಗೂ ಚಪ್ಪಾಳೆ. ಯಾರೂ ಫೇಲಾಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿದ್ದರೂ ಒಬ್ಬೊಬ್ಬರ ಸರದಿ ಬಂದಾಗಲೂ ಆ ಮನೆಯವರು ಉಸಿರು ಬಿಗಿಹಿಡಿಯುತ್ತಿದ್ದರು. ಇಳಿಸಿದ ಚಿತ್ರಗಳನ್ನು ನಾನು ಅವರವರಿಗೆ ಹಂಚಿದೆ. ತನ್ನದಲ್ಲದ ನವಿಲನ್ನು ತನ್ನದೆಂದು ಹಟ ಹಿಡಿದ ಒಬ್ಬನನ್ನು ಸಮಾಧಾನ ಮಾಡುವಷ್ಟರಲ್ಲಿ ನೋಡುತ್ತೇನೆ, ನನ್ನ ಮೂರನೇ ತರಗತಿಯ ಹೆಣ್ಣುಮಕ್ಕಳು ಒಬ್ಬರೂ ಇಲ್ಲ. ಪಾಯಸಕ್ಕೂ ನಿಲ್ಲದೆ ಎಲ್ಲಿಗೆ ಹೋದರು?

ಅವರು ವಾಪಸು ಬಂದಾಗ ಕೈಯಲ್ಲಿ ಏನೇನೋ ಇತ್ತು. ಬಾಯಿಬಡಕಿಯ ಕೈಯಲ್ಲಿ ಅಕ್ಕಿ ತುಂಬಿದ ಸ್ಟೀಲ್ ಡಬ್ಬಿ. ಇನ್ನೊಬ್ಬಳ ಕೈಯಲ್ಲಿ ಬೆಲ್ಲದ ಅಚ್ಚು, ಒಂದು ಮೂಲೆ ಆಗಲೇ ಖರ್ಚಾಗಿತ್ತು. ಕೊಬ್ಬರಿ ಗಿಟುಕು, ವೀಳ್ಯದೆಲೆ, ಅರಿಶಿನ ಕುಂಕುಮದ ಪೊಟ್ಟಣ, ಯಾರ ಪೆಟ್ಟಿಗೆಯಿಂದಲೋ ಎತ್ತಿಕೊಂಡು ಬಂದ ರವಿಕೆ ಕಣ, ಮತ್ತು ಎರಡು ಹಸಿರು ಬಳೆ.

"ಸಾ, ಮೂಡ್ಲಾಗಿ ಕೂತ್ಕಳಿ," ಎಂದು ಬಾಯಿಬಡಕಿ ನನ್ನನ್ನು ಮಕ್ಕಳ ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿದಳು. ಏನೋ ನಾಟಕ ಇರಬೇಕೆಂದು ಕೂತೆ.

"ಸೆರಗು ಒಡ್ಡಿ."

"ಸೆರಗೆಲ್ಲಿಂದ ತರ್ಲಮ್ಮ ನಾನು?"

ಹಿಂದೆ ಕೂತ ಹೆಂಗಸರಿಗೆ ಆಗ ಅರ್ಥವಾಯಿತು. ಕೋಣೆ ಬಿದ್ದುಹೋಗುವ ಹಾಗೆ ನಕ್ಕರು. ಮಕ್ಕಳು ನನಗೆ ಮಡಿಲಕ್ಕಿ ಕಟ್ಟುವುದಕ್ಕೆ ಬಂದಿದ್ದರು. ತವರಿಂದ ಗಂಡನ ಮನೆಗೆ ಹೊರಟ ಮಗಳ ಮಡಿಲಿಗೆ ಅಕ್ಕಿ ಬೆಲ್ಲ ಕೊಬ್ಬರಿ ತುಂಬಿ ಕಳಿಸುವ ಆ ಶಾಸ್ತ್ರವನ್ನು, ಪ್ಯಾಂಟು ಹಾಕಿಕೊಂಡ, ಮೀಸೆ ಬಿಟ್ಟ, ನಡುವಯಸ್ಸಿನ ನನಗೆ. ಹುಡುಗಿಯ ಅಜ್ಜಿಯಂತೂ ಎದ್ದೇ ಬಂದರು.

"ಲೇ, ಗಂಡಸ್ರಿಗೆ ಯಾರಾರ ಮಡ್ಲಕ್ಕಿ ಕಟ್ತಾರೇನ್ರೇ? ಮಾನ ಮರ್ವಾದೆ ಕಳೀತಾವಲ್ಲಪ್ಪ! ಕೊಡೇ ಇಲ್ಲಿ ಆ ಡಬ್ಬೀಯ."

ಹುಡುಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು. "ಅತ್ತೆ ನಾಗಮಂಗಲಕ್ಕೆ ಓಗೋವಾಗ ನೀನೆ ತಾನೆ ಅಂದಿದ್ದು? ಮಡ್ಲಕ್ಕಿ ಕಟ್ಟಿಸ್ಕೊಂಡೋಳು ತಿರ್ಗಾ ಬಂದೇ ಬತ್ತಾಳೆ, ಅಳ್ಬೇಡ ಸುಮ್ನಿರು ಅಂತ?"

ಹಿಂದಿನ ವಾರವಷ್ಟೇ ಆ ಮನೆಯ ಮಗಳು ಬಾಣಂತನ ಮುಗಿಸಿ ಕೂಸು ಎತ್ತಿಕೊಂಡು ಗಂಡನ ಮನೆಗೆ ಹೋಗಿದ್ದಳು. ಅಜ್ಜಿಯ ಮುಖದಲ್ಲಿದ್ದ ನಗು ಅಲ್ಲೇ ನಿಂತಿತು. ಅವರು ನನ್ನನ್ನು ನೋಡಿದರು, ಮೊಮ್ಮಗಳನ್ನು ನೋಡಿದರು. ಮಕ್ಕಳು ಮಾಡುತ್ತಿದ್ದದ್ದು ಬೀಳ್ಕೊಡುಗೆ ಅಲ್ಲ. ನನ್ನನ್ನು ವಾಪಸು ಕರೆಸಿಕೊಳ್ಳುವ ಉಪಾಯ ಅದು.

"ಮಾಡಾದಾದ್ರೆ ನೆಟ್ಗೆ ಮಾಡ್ರವ್ವ," ಎಂದು ಅಜ್ಜಿ ಸೋತು ಕೂತರು. "ಒಂದೇ ಸಲಕ್ಕೆ ಸುರೀಬ್ಯಾಡಿ. ಬೊಗಸೇಲಿ ಐದು ದಪ ಆಕಿ. ಮೇಷ್ಟ್ರೇ, ಟವಲ್ ಆದ್ರೂ ಇಡೀರಿ."

ಊಟದ ಚೀಲದಲ್ಲಿದ್ದ ಟವೆಲ್ಲನ್ನು ತೊಡೆಯ ಮೇಲೆ ಹರಡಿ ಎರಡು ತುದಿ ಹಿಡಿದುಕೊಂಡೆ. ಪುಟ್ಟ ಪುಟ್ಟ ಬೊಗಸೆಗಳಿಂದ ಅಕ್ಕಿ ಬಿತ್ತು. ಅರ್ಧ ಟವೆಲ್ಲಿಗೆ, ಅರ್ಧ ನೆಲಕ್ಕೆ. ಬೆಲ್ಲ, ಕೊಬ್ಬರಿ, ಎಲೆ, ರವಿಕೆ ಕಣ. ಬಳೆಯನ್ನು ನನ್ನ ಕೈಗೆ ತೊಡಿಸಲು ನೋಡಿ, ಬೆರಳಿನ ಗಿಣ್ಣು ದಾಟದೆ, ಅಕ್ಕಿಯ ಮೇಲೆಯೇ ಇಟ್ಟರು. ಒಬ್ಬಳು ಹಣೆಗೆ ಕುಂಕುಮ ಹಚ್ಚುವಾಗ ಕಣ್ಣಿಗೂ ಸ್ವಲ್ಪ ಬಿತ್ತು. ನನ್ನ ಕಣ್ಣಲ್ಲಿ ನೀರು ಬಂದದ್ದು ಅದಕ್ಕೇ ಇರಬೇಕು ಎಂದು ಆಗ ಅಂದುಕೊಂಡೆ.

ಎರಡು ಕೋಣೆಗಳ ನಡುವಿನ ಬಾಗಿಲಲ್ಲಿ ಮೇಡಂ ನಿಂತಿದ್ದರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಡಿಸುತ್ತಾ ನಗುತ್ತಿದ್ದರು. ಎಲ್ಲ ಮುಗಿದು ಹೆಣ್ಣುಮಕ್ಕಳು ಪಾಯಸಕ್ಕೆ ಓಡಿಹೋದ ಮೇಲೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಆಮೇಲೆ, "ಏಳಿ ಮೇಷ್ಟ್ರೇ, ಒತ್ತಾಯ್ತು. ಎಣ್ಮಗ್ಳು ಗಂಡನ ಮನೆಗೆ ಒರಡ್ಲಿ," ಎಂದು ಹೇಳಿ ಕಿಟಕಿಗಳ ಚಿಲಕ ಹಾಕಲು ಹೋದರು. ನಾನೂ ನಕ್ಕೆ.

ಬಸ್ಸಿನಲ್ಲಿ ಆ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಹಣೆಯ ಕುಂಕುಮ ಒರೆಸಿಕೊಳ್ಳಬೇಕೆಂಬುದೂ ಹೊಳೆದಿರಲಿಲ್ಲ. ಪರಿಚಯದ ಕಂಡಕ್ಟರು, "ಏನ್ ಮೇಷ್ಟ್ರೇ, ಎಲ್ಲಿ ನಿಶ್ಚಿತಾರ್ಥ ಮಾಡ್ಕೊಂಡ್ ಬಂದ್ರಿ?" ಎಂದು ರೇಗಿಸಿದರು. ಮನೆಯಲ್ಲಿ ಟವೆಲ್ಲು ಬಿಚ್ಚಿದಾಗ ಹೆಂಡತಿ ಬಳೆ ಎತ್ತಿಕೊಂಡು ನೋಡಿದಳು, ಕಣ ನೋಡಿದಳು. ನಾನು ನಡೆದದ್ದನ್ನು ಹೇಳಲು ಶುರುಮಾಡಿ ಅರ್ಧಕ್ಕೆ ನಿಂತೆ.

"ನಗ್ತಾ ಇದ್ದೀರೋ ಅಳ್ತಾ ಇದ್ದೀರೋ?" ಎಂದಳು.

"ಗೊತ್ತಾಗ್ತಿಲ್ಲ ಕಣೇ."

ಅವಳು ಅಕ್ಕಿಯನ್ನು ಆರಿಸಿ ಆ ರಾತ್ರಿಯೇ ಬೆಲ್ಲ ಹಾಕಿ ಹುಗ್ಗಿ ಮಾಡಿದಳು. ಮಡಿಲಕ್ಕಿಯ ಅಕ್ಕಿಯನ್ನು ಹಾಗೇ ಇಡಬಾರದಂತೆ, ಮನೆಯವರೆಲ್ಲ ಉಣ್ಣಬೇಕಂತೆ. ಉಂಡೆವು. ಮಧ್ಯಾಹ್ನದ ಬಿಸಿ ಊಟದ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ.

ಆರ್ಡರು ಬಂದದ್ದು ಮೇ ತಿಂಗಳಲ್ಲಿ, ಎಲ್ಲದರ ಹಾಗೆ ಫೋನಿನ ಗುಂಪಿಗೆ. ಶಾಲೆಯ ಹೆಸರು ಹುಡುಕಿ, ಪಕ್ಕದಲ್ಲಿ ನನ್ನ ಹೆಸರಿಗೆ ಕಣ್ಣಾಡಿಸಿದೆ. ಇರಲಿಲ್ಲ. ಮತ್ತೆ ನೋಡಿದೆ. ಇದ್ದದ್ದು ಮೇಡಂ ಹೆಸರು. ಒಂದೇ ಕಡೆ ಬಹಳ ದಿನ ಇದ್ದವರನ್ನು ತೆಗೆಯುತ್ತಾರೆ ಎಂದು ಹೇಳಿದವನ ಮಾತೇ ನಿಜವಾಗಿತ್ತು. ಅವರಿಗೆ ನಾಗಮಂಗಲದ ಕಡೆ ಒಂದು ಶಾಲೆ ಸಿಕ್ಕಿತ್ತು.

ಆಗ ನನಗೆ ಏನನ್ನಿಸಿತು ಎಂದು ಇವತ್ತಿಗೂ ಸರಿಯಾಗಿ ಹೇಳಲಾರೆ. ಮೊದಲು ಖುಷಿ ಬಂತು, ಸುಳ್ಳೇಕೆ? ನನ್ನ ಡಬ್ಬಿಗಳು, ನನ್ನ ಚಪ್ಪರ, ಆ ಪಿಳ್ಳೆಗಳು ಎಲ್ಲ ಉಳಿದವು. ಅದರ ಬೆನ್ನಿಗೇ ಅದೇ ಬಸ್ಸು, ಅದೇ ಸೊಂಟನೋವು ನೆನಪಾಗಿ ಮುಖ ಸಪ್ಪಗಾಯಿತು. ಇವೆರಡೂ ಮುಗಿದ ಮೇಲೆ ಮೇಡಂ ನೆನಪಾದರು. ನಾನು ಅವರನ್ನು ನೆನೆದದ್ದು ಕೊನೆಗೆ ಎಂಬುದು ಆಮೇಲೆ ಬಹಳ ದಿನ ಚುಚ್ಚಿತು. ಇಡೀ ಊರು, ಇಡೀ ಶಾಲೆ, ನಾನು, ನನ್ನ ಹೆಂಡತಿ, ಎಲ್ಲರೂ ನಾನು ಹೋಗುತ್ತೇನೆಯೇ ಇಲ್ಲವೇ ಎಂದಷ್ಟೇ ತಲೆ ಕೆಡಿಸಿಕೊಂಡಿದ್ದೆವು. ನಾನು ಹೋಗದಿದ್ದರೆ ಅವರು ಹೋಗಬೇಕಾಗುತ್ತದೆ ಎಂಬ ಸೀದಾ ಲೆಕ್ಕವನ್ನು ಒಬ್ಬರೂ ಹಾಕಿರಲಿಲ್ಲ. ನಾನು ಉಳಿಯಲಿ ಎಂದು ಕೈಮುಗಿದ ಮಕ್ಕಳು ಏನು ಬೇಡಿಕೊಳ್ಳುತ್ತಿದ್ದಾರೆಂದು ಅವರಿಗೂ ಗೊತ್ತಿರಲಿಲ್ಲ.

ಫೋನು ಮಾಡಿದೆ. ಸಮಾಧಾನ ಹೇಳಬೇಕೋ ಕ್ಷಮೆ ಕೇಳಬೇಕೋ ತಿಳಿಯದೆ, "ಊಟ ಆಯ್ತಾ ಮೇಡಂ?" ಎಂದೆ.

"ಆಯ್ತು ಬುಡಿ ಮೇಷ್ಟ್ರೇ," ಎಂದರು. ಅದು ಊಟಕ್ಕೋ ಆರ್ಡರಿಗೋ ಗೊತ್ತಾಗಲಿಲ್ಲ. "ಸ್ಕೂಲ್ ತೆಗ್ಯೋ ದಿನ ಬೀಗದ್ ಕೈ ಕೊಡಕ್ಕೆ ಬತ್ತೀನಿ. ಇನ್ಮೇಲೆ ಚಾರ್ಜು ನಿಮ್ದೇಯ."

ಶಾಲೆ ಮತ್ತೆ ತೆರೆದ ದಿನ ಮಕ್ಕಳು ಬಾಗಿಲಿಗೆ ಮಾವಿನ ತೋರಣ ಕಟ್ಟಿದ್ದರು. ಬಸ್ಸಿಳಿದು ನಾನು ಗೇಟಿನೊಳಗೆ ಕಾಲಿಟ್ಟದ್ದೇ ತಡ, ಬಾಯಿಬಡಕಿ ಓಡಿಬಂದು ನನ್ನ ಊಟದ ಚೀಲಕ್ಕೆ ಜೋತುಬಿದ್ದಳು. ಅವಳ ತಾತ ಅವಳನ್ನು ವ್ಯಾನಿಗೆ ಹಾಕಿರಲಿಲ್ಲ.

"ಬಂದ್ರು ಬಂದ್ರು! ನಾನ್ ಯೋಳ್ನಿಲ್ವಾ? ಮಡ್ಲಕ್ಕಿ ಕೆಲ್ಸ ಮಾಡ್ತು!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಮೇಡಂ ಆಗಲೇ ಬಂದು ತಮ್ಮ ಕೋಣೆಯ ಬೀರು ತೆರೆದು ನಿಂತಿದ್ದರು. ತಾವು ಕಲಿತಿದ್ದ ನನ್ನ ಡಬ್ಬಿಗಳನ್ನು ಟ್ರಂಕಿನಿಂದ ತೆಗೆದು, ನಾನು ಇಡುವ ಜಾಗದಲ್ಲೇ, ನಾನು ಇಡುವ ಸಾಲಿನಲ್ಲೇ ಜೋಡಿಸಿಟ್ಟಿದ್ದರು. ಒಂದೂ ತಪ್ಪಿರಲಿಲ್ಲ. ನಾಲ್ಕನೇ ತರಗತಿಗೆ ಬಂದ ಸಂಭ್ರಮದಲ್ಲಿ ಹುಡುಗಿ ಆ ಕೋಣೆಗೆ ನುಗ್ಗಿ ಮುಂದಿನ ಬೆಂಚು ಹಿಡಿದಳು.

"ಮೇಡಂ, ನಾನು ಈಗ ನಿಮ್ ಕ್ಲಾಸು!"

"ನಾನು ಬ್ಯಾರೆ ಊರ್ಗೆ ಓಯ್ತಾ ಇವ್ನಿ ಕಣವ್ವ. ಇನ್ಮೇಲೂ ನಿಂಗೆ ಮೇಷ್ಟ್ರೇಯ," ಎಂದರು ಮೇಡಂ.

ಹುಡುಗಿ ನನ್ನ ಮುಖ ನೋಡಿದಳು, ಅವರ ಮುಖ ನೋಡಿದಳು. ಅವಳ ತಲೆಯಲ್ಲಿ ಏನೋ ಕೂಡಿ ಕಳೆದು ಆಗುತ್ತಿತ್ತು. "ಮೇಡಂಗೆ ನಾವು ಕಟ್ನೇ ಇಲ್ವಲ್ಲ ಸಾ," ಎಂದಳು ಮೆಲ್ಲಗೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಇದು ಆಫೀಸಿನವರು ಮಾಡಿದ್ದು ಎಂದು ಹೇಳಲು ಹೋದೆ. ಅಷ್ಟರಲ್ಲಿ ಮೇಡಂ ಅವಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಬೀಗದ ಕೈ ಗೊಂಚಲನ್ನು ನನ್ನ ಅಂಗೈಗೆ ಹಾಕಿದರು.

ಬಸ್ಸಿಗೆ ಕಳಿಸಲು ಗೇಟಿನವರೆಗೆ ಜೊತೆಯಲ್ಲಿ ಹೋದೆ. ಊರಿನವರು ಒಬ್ಬರೂ ಬಂದಿರಲಿಲ್ಲ. ಮುಂಗಾರಿನ ಉಳುಮೆಯ ಕಾಲ, ಮೇಡಂ ಹೋಗುತ್ತಿದ್ದಾರೆಂದು ಎಷ್ಟೋ ಮನೆಗಳಿಗೆ ಗೊತ್ತೇ ಇರಲಿಲ್ಲ. ನಾನು ಹೋಗುತ್ತೇನೆ ಎಂಬ ಸುದ್ದಿ ಮಾತ್ರ ಎರಡು ತಿಂಗಳಿಂದ ಮನೆಮನೆ ಸುತ್ತಿತ್ತು. ಅವರ ಕೈಯಲ್ಲಿ ಒಂದು ವ್ಯಾನಿಟಿ ಬ್ಯಾಗು, ಒಂದು ಛತ್ರಿ, ಅಷ್ಟೆ.

"ಮೇಡಂ, ನಾನು ಹೋಗಬೇಕಾಗಿತ್ತು," ಎಂದೆ.

"ಯಾಕ್ರೀ? ನಿಮ್ಗೋಸ್ಕರ ಮಕ್ಳು ಬೇಡ್ಕೊಂಡಿದ್ರು." ಸಿಟ್ಟಿಲ್ಲ, ಕೊಂಕೂ ಇಲ್ಲ, ಅವರ ಮಾಮೂಲಿ ಧ್ವನಿಯೇ. ರಸ್ತೆಯ ತಿರುವಿನ ಕಡೆಗೆ ನೋಡುತ್ತಾ ಮುಂದುವರಿಸಿದರು. "ಅವತ್ತು ಬಾಗ್ಲಲ್ಲಿ ನಿಂತಿದ್ನಲ್ಲ ಮೇಷ್ಟ್ರೇ. ನಂಗೂ ಒಂದು ಇಡಿ ಅಕ್ಕಿ ಆಕ್ತಾರೇನೋ ಅಂತ ನಿಂತಿದ್ದೆ ಕಣ್ರೀ. ನಾನೇನ್ ಓಗ್ತಿರ್ಲಿಲ್ಲ, ಸರಿ. ಆದ್ರೂ ಮಕ್ಳಾಟ ಅಲ್ವಾ ಅಂತ. ಮದ್ವೆ ಆದೋರಿಗೆ ತಾನೆ ಕಟ್ಟೋದು. ನಮ್ಮನೇಲಿ ನಂಗೆ ಕಟ್ಟೋ ಕಾಲ ಬರ್ನೇ ಇಲ್ಲ."

"ಒಂದು ನಿಮಿಷ ಇರಿ ಮೇಡಂ, ಮಕ್ಕಳನ್ನ ಕರೀತೀನಿ. ಅಡುಗೆ ಮನೇಲಿ ಅಕ್ಕಿ ಇದೆ," ಎಂದೆ. ನಿಜಕ್ಕೂ ಎರಡು ಹೆಜ್ಜೆ ಹಿಂದಕ್ಕೆ ಇಟ್ಟೂ ಬಿಟ್ಟಿದ್ದೆ.

"ಬ್ಯಾಡಿ," ಎಂದರು. "ಕೇಳಿ ಕಟ್ಟಿಸ್ಕೊಳೋದಲ್ಲ ಮೇಷ್ಟ್ರೇ ಅದು."

ಬಸ್ಸು ಬಂತು. ಮೊಣಕಾಲು ಹಿಡಿದುಕೊಂಡು ಹತ್ತಿದರು. ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಕೂತು ನನ್ನ ಕಡೆ ನೋಡಿದರು. ಕೈ ಬೀಸಬೇಕೋ ಕೈ ಮುಗಿಯಬೇಕೋ ಗೊತ್ತಾಗದೆ ನಾನು ಹಾಗೇ ನಿಂತಿದ್ದೆ, ಬಸ್ಸು ಹೊರಟುಹೋಯಿತು.